ತಾವರೆಯೂ ನೈದಿಲೆಯೂ

ಹಾಸನದ ಬಳಿಯ ಮೊಸಳೆಯಲ್ಲಿ ನಾಗೇಶ್ವರ, ಚನ್ನಕೇಶವರ ಹೊಯ್ಸಳ ಗುಡಿಗಳು ಅವಳಿಗಳಂತೆ ನಿಂತಿವೆ. ರೂಪವೊಂದೇ, ಒಳಗಿನ ದೇವರು ಬೇರೆ. ಕೆರೆಯ ತಾವರೆ ನೈದಿಲೆಗಳ ಸಂಗತಿಯೂ ಹಾಗೆಯೇ. 1753ರಲ್ಲಿ ಲಿನೇಯಸನು ಎರಡನ್ನೂ ಒಂದೇ ಕುಲಕ್ಕೆ ಸೇರಿಸಿದನು. ಇಂದಿನ ಸಸ್ಯಶಾಸ್ತ್ರವಾದರೋ ತಾವರೆಗೆ ನೈದಿಲೆಗಿಂತ ಕಾಫಿತೋಟದ ಸಿಲ್ವರ್ ಓಕ್ ಮರವೇ ಹತ್ತಿರದ ನಂಟನೆನ್ನುತ್ತದೆ! ನೀರ ಮೇಲೆ ತೇಲುವ, ಬುಡದಲ್ಲಿ ಸೀಳಿರುವ ಎಲೆ ನೈದಿಲೆಯದು. ಬಲಿತೊಡನೆ ನೀರಿನಿಂದ ಮೇಲೆದ್ದು ಕೊಡೆಯಂತೆ ನಿಲ್ಲುವ ದುಂಡೆಲೆ ತಾವರೆಯದು. ನೀಲಿ ನೈದಿಲೆಗೆ ಸದ್ಯ ಅಳಿವಿನ ಭಯವಿಲ್ಲವೆಂದು ಅಂತರರಾಷ್ಟ್ರೀಯ ಕೆಂಪು ಪಟ್ಟಿ ಹೇಳುತ್ತದೆ. ತಾವರೆಗೆ ರಾಷ್ಟ್ರಪುಷ್ಪದ ಪಟ್ಟವುಂಟು. ಆದರೆ ವಾಚಕರೇ, ಪಟ್ಟಿಯಾಗಲಿ ಪಟ್ಟವಾಗಲಿ ಹೂವನ್ನು ಕಾಯಬಲ್ಲವೆ? ಕುಲ ಬೇರೆಯಾದರೂ ಎರಡಕ್ಕೂ ಕೆರೆಯೇ ಮನೆ. ಅದು ಹೂಳು ತುಂಬಿ ಬತ್ತಿದಂದು ಊರಿಗೆ ಉಳಿಯುವುದು ಕೇಶವನ ಕೈಯಲ್ಲಿರುವ ಕಲ್ಲಿನ ಪದ್ಮವೊಂದೇ.