ಹಳೇ ಕಂಪ್ಯೂಟರ್ ಸತ್ತಿತು ಎಂದು ಹೇಳಬೇಕಾದವರು ಯಾರು?

ಹಾಲಾಡಿ ಪೇಟೆ ಹತ್ತಿರದ ನಮ್ಮ ಪರಿಚಯದ ಮನೆಯಲ್ಲಿ ಒಂದು ಲ್ಯಾಪ್‌ಟಾಪ್ ಇದೆ. ಮಗ ಡಿಗ್ರಿ ಓದುವಾಗ ತೆಗೆದದ್ದು. ಅವನೀಗ ಬೆಂಗಳೂರಲ್ಲಿ. ಮಗಳು ಪಿಯುಸಿಯಲ್ಲಿ ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡಿದ್ದಾಳೆ. ಲ್ಯಾಪ್‌ಟಾಪ್ ನಿಧಾನ ಎಂದು ರಿಪೇರಿಗೆ ಕೊಂಡೊಯ್ದರೆ ಅಂಗಡಿಯವರು ಒಮ್ಮೆ ನೋಡಿ ಹೇಳಿದ್ದು ಇಷ್ಟೇ: "ಹ್ವಾಯ್, ಇದ್ರ್ ಕಥಿ ಮುಗ್ದ್‌ಹೋಯ್ತ್. ಹೊಸ್ತ್ ತಕಂಬುದೇ ಒಳ್ಳೇದ್."

ಸ್ಕ್ರೀನ್ ಸರಿ ಇದೆ, ಕೀಬೋರ್ಡ್ ಸರಿ ಇದೆ. ಹಾಗಾದರೆ ಮುಗಿದದ್ದು ಎಂತ?

ಮುಗಿದದ್ದು ವಿಂಡೋಸ್ 10. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಅದರ ಮಾಮೂಲಿ ಅಪ್‌ಡೇಟ್ ನಿಲ್ಲಿಸಿತು. ವಿಂಡೋಸ್ 11 ಹಾಕೋಣವೆಂದರೆ ಅದು 4 ಜಿಬಿ ರ‍್ಯಾಮ್ ಮತ್ತು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಕೇಳುತ್ತದೆ. ಈ ಲ್ಯಾಪ್‌ಟಾಪ್‌ನಲ್ಲಿ ಇರುವುದು 2 ಜಿಬಿ. ಚಿಪ್ ಇಲ್ಲವೇ ಇಲ್ಲ. ಯಂತ್ರ ಹಾಳಾಗಿಲ್ಲ, ಅದನ್ನು ನಡೆಸುವ ತಂತ್ರಾಂಶ ಕೈಬಿಟ್ಟಿದೆ ಅಷ್ಟೆ. ಈ ಎರಡರ ವ್ಯತ್ಯಾಸ ಹೇಳುವವರು ಊರಲ್ಲಿ ಇಲ್ಲದ್ದರಿಂದ ನಮ್ಮ ಮನೆಗಳ ಕಂಪ್ಯೂಟರ್‌ಗಳು ಗುಜರಿ ಸೇರುತ್ತಿವೆ.

ಆ ಲ್ಯಾಪ್‌ಟಾಪನ್ನು ನಾವು ಮನೆಗೆ ತಂದು ಡೆಬಿಯನ್ ಲಿನಕ್ಸ್ ಹಾಕಿದೆವು. ಪೆನ್‌ಡ್ರೈವ್‌ನಿಂದ ಹಾಕಿದ್ದು, ದುಡ್ಡು ಖರ್ಚಿಲ್ಲ. ಲ್ಯಾಪ್‌ಟಾಪ್ ಎದ್ದು ಕೂತಿತು. ಅಲ್ಲಿಗೆ ಬಿಡಬಹುದಿತ್ತು. ಆದರೆ ಈ ಯಂತ್ರಕ್ಕೆಂದೇ ಒಂದು ಕರ್ನೆಲ್ ಕಂಪೈಲ್ ಮಾಡಿ ನೋಡುವ ಹುಚ್ಚು ಹಿಡಿಯಿತು.

ಕರ್ನೆಲ್ ಎಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು. ಆಟದಲ್ಲಿ ಭಾಗವತರಿದ್ದಂತೆ. ಯಾವ ವೇಷ ಯಾವಾಗ ರಂಗಕ್ಕೆ ಬರಬೇಕು, ಎಷ್ಟು ಹೊತ್ತು ಕುಣಿಯಬೇಕು ಎಂದು ನಡೆಸುವುದು ಅದೇ. 1991ರಲ್ಲಿ ಫಿನ್ಲೆಂಡಿನ ಲೀನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಶುರು ಮಾಡಿದ ಲಿನಕ್ಸ್ ಕರ್ನೆಲ್‌ನ ಮೂಲ ಬರಹ ಯಾರಿಗೂ ಮುಕ್ತ. ಅದನ್ನು ಇಳಿಸಿಕೊಂಡು, ಬೇಕಾದ್ದು ಇಟ್ಟು ಬೇಡದ್ದು ತೆಗೆದು, ನಮ್ಮ ಯಂತ್ರ ಓದುವ ರೂಪಕ್ಕೆ ತರುವುದೇ ಕಂಪೈಲ್. ಪ್ರಪಂಚದ ಸಾವಿರಾರು ಬಗೆಯ ಯಂತ್ರಗಳಿಗೆ ಬೇಕಾದ ಚಾಲಕಗಳೆಲ್ಲ ಅದರಲ್ಲಿವೆ. ನಮ್ಮ ಆಟಕ್ಕೆ ಬೇಕಾದ ವೇಷ ಮಾತ್ರ ಪೆಟ್ಟಿಗೆಗೆ ಹಾಕಿಕೊಂಡರೆ ಸಾಕು.

'ಮೇಕ್ ಲೋಕಲ್‌ಮಾಡ್‌ಕಾನ್ಫಿಗ್' ಎಂಬ ಆಜ್ಞೆ ಈ ಕೆಲಸ ಸುಲಭ ಮಾಡುತ್ತದೆ. ಈಗ ಯಂತ್ರದಲ್ಲಿ ಬಳಕೆಯಲ್ಲಿರುವ ಚಾಲಕಗಳನ್ನು ನೋಡಿ ಅವನ್ನಷ್ಟೇ ಉಳಿಸುತ್ತದೆ. ರಾತ್ರಿ ಊಟ ಮುಗಿಸಿ ಕಂಪೈಲ್‌ಗೆ ಹಚ್ಚಿ ಮಲಗಿದೆವು. ನಡುರಾತ್ರಿ ಕರೆಂಟ್ ಹೋಯಿತು. ಬ್ಯಾಟರಿ ಮೊದಲೇ ಸತ್ತಿತ್ತು. ಬೆಳಿಗ್ಗೆ ಮತ್ತೆ 'ಮೇಕ್' ಎಂದು ಕೊಟ್ಟರೆ, ಪುಣ್ಯಕ್ಕೆ, ಬಿಟ್ಟಲ್ಲಿಂದಲೇ ಮುಂದುವರಿಯಿತು. ಮಧ್ಯಾಹ್ನದ ಹೊತ್ತಿಗೆ ಹೊಸ ಕರ್ನೆಲ್ ತಯಾರು.

ಹಾಕಿ ಬೂಟ್ ಮಾಡಿದರೆ ಎಲ್ಲ ಸರಿ, ಇಂಟರ್ನೆಟ್ ಮಾತ್ರ ಇಲ್ಲ. ಆ ಮನೆಯಲ್ಲಿ ನೆಟ್ ಬರುವುದು ಮೊಬೈಲಿಗೆ ಕೇಬಲ್ ಸಿಕ್ಕಿಸಿ. ಆಜ್ಞೆ ಕೊಡುವಾಗ ನಾವು ಮೊಬೈಲ್ ಸಿಕ್ಕಿಸಿರಲಿಲ್ಲ. ಕಾಣದ ಸಾಧನ ಬೇಡದ ಸಾಧನ ಎಂದು ಅದು ತೆಗೆದುಹಾಕಿತ್ತು. ಹಳೇ ಕರ್ನೆಲ್ ಅಳಿಸಿರಲಿಲ್ಲ, ಹಾಗಾಗಿ ಬಚಾವಾದೆವು. ಶುರುವಿನ ಮೆನುವಿನಲ್ಲಿ ಅದನ್ನು ಆರಿಸಿ, ಮೊಬೈಲ್, ಪ್ರಿಂಟರ್, ಪೆನ್‌ಡ್ರೈವ್ ಎಲ್ಲ ಸಿಕ್ಕಿಸಿಟ್ಟು ಮತ್ತೊಮ್ಮೆ ಮಾಡಿದೆವು. ನೀವೂ ಮಾಡುವುದಾದರೆ ಈ ಎರಡು ನೆನಪಿರಲಿ: ಹಳೇ ಕರ್ನೆಲ್ ತೆಗೆಯಬೇಡಿ, ಬಳಸುವ ಸಾಧನಗಳನ್ನೆಲ್ಲ ಮೊದಲೇ ಸಿಕ್ಕಿಸಿ.

ಇಷ್ಟು ಮಾಡಿದ ಮೇಲೆ ವೇಗ ಎಷ್ಟು ಹೆಚ್ಚಿತು? ನಿಜ ಹೇಳುವುದಾದರೆ, ಹೇಳಿಕೊಳ್ಳುವಷ್ಟಿಲ್ಲ. ಬೇಡದ ಚಾಲಕಗಳು ಡಿಸ್ಕ್‌ನಲ್ಲಿ ಜಾಗ ತಿನ್ನುತ್ತವೆ ಬಿಟ್ಟರೆ ಹೆಚ್ಚಿನವು ರ‍್ಯಾಮ್‌ಗೆ ಏರುವುದೇ ಇಲ್ಲ. ರ‍್ಯಾಮ್ ನುಂಗುವುದು ಬ್ರೌಸರ್. ಇನ್ನೊಂದು 2 ಜಿಬಿ ರ‍್ಯಾಮ್, ಹಳೇ ಹಾರ್ಡ್‌ಡಿಸ್ಕ್ ಬದಲು ಒಂದು ಸಣ್ಣ ಎಸ್‌ಎಸ್‌ಡಿ ಹಾಕಿಸಿದರೆ ಸಿಗುವ ಚುರುಕು ಕರ್ನೆಲ್‌ನಿಂದ ಸಿಗುವುದಿಲ್ಲ.

ಮತ್ತೆ ಏಕೆ ಈ ಕಥೆ ಹೇಳಿದೆವು? ಬಾಗಿಲು ತೆರೆದಿದೆ ಎಂದು ತೋರಿಸಲು. ಲಿನಕ್ಸ್‌ನವರೂ ಹಳೆಯದನ್ನೆಲ್ಲ ಹೊತ್ತುಕೊಂಡೇ ಹೋಗುವುದಿಲ್ಲ. 2013ರಲ್ಲಿ ಬಂದ 3.8 ಆವೃತ್ತಿಯಿಂದ 386 ಚಿಪ್ ಬಿಟ್ಟರು. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ 32 ಬಿಟ್ ಕಂಪ್ಯೂಟರ್‌ಗಳಿಗೆ ಕರ್ನೆಲ್ಲೂ ಇಲ್ಲ, ಇನ್‌ಸ್ಟಾಲರೂ ಇಲ್ಲ. ಆದರೆ ಸಿದ್ಧ ಕರ್ನೆಲ್ ಸಿಗದಿದ್ದರೆ ಮೂಲ ಬರಹ ಸಿಗುತ್ತದೆ, ತಿಳಿದವರು ಕಟ್ಟಿಕೊಳ್ಳಬಹುದು. ವಿಂಡೋಸ್‌ನಲ್ಲಿ ಆ ದಾರಿಯಿಲ್ಲ. ಯಂತ್ರ ನಮ್ಮ ದುಡ್ಡಿನದು, ಅದರ ಆಯುಷ್ಯ ಇನ್ನೊಬ್ಬರ ಕೈಯಲ್ಲಿ.

ಲಿನಕ್ಸ್ ನಮ್ಮಂಥವರಿಗಲ್ಲ ಎನ್ನುವವರು ತಲಪಾಡಿ ದಾಟಿ ನೋಡಲಿ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಶಾಲೆಯಲ್ಲಿ ಕಲಿಯುವುದು ಲಿನಕ್ಸ್‌ನಲ್ಲೇ. ಕೇರಳದ ಕೈಟ್ ಸಂಸ್ಥೆ ಶಾಲೆಗಳಿಗೆಂದೇ ಒಂದು ಲಿನಕ್ಸ್ ಸಿದ್ಧಪಡಿಸಿ ಕೊಡುತ್ತದೆ. 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳಿಗೆ ಇದರಿಂದ 3,000 ಕೋಟಿ ರೂಪಾಯಿ ಉಳಿಯಿತೆಂದು 2019ರಲ್ಲಿ ಅದು ಲೆಕ್ಕ ಕೊಟ್ಟಿತ್ತು. ಕನ್ನಡಕ್ಕೂ ತೊಂದರೆಯಿಲ್ಲ: ನುಡಿಯ ಕೀಲಿಮಣೆ ವಿನ್ಯಾಸ ಲಿನಕ್ಸ್‌ನಲ್ಲೂ ಇದೆ, ಗುಬ್ಬಿ, ನವಿಲು ಎಂಬ ಕನ್ನಡ ಫಾಂಟ್‌ಗಳೂ ಇವೆ. ಅಂಗಡಿ ಲೆಕ್ಕಕ್ಕೆ ಟ್ಯಾಲಿಯೇ ಬೇಕು ಎನ್ನುವವರ ಮಾತು ಬೇರೆ. ಅವರಿಗೆ ವಿಂಡೋಸ್ ಬೇಕಾದೀತು. ಓದುವ ಮಕ್ಕಳಿಗೆ ಆ ಕಟ್ಟುಪಾಡಿಲ್ಲ.

ನಮ್ಮ ಗ್ರಾಮ ಪಂಚಾಯತ್ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ತಿಂಗಳಿಗೊಂದು ಭಾನುವಾರ ಅಲ್ಲಿ ಹಳೇ ಕಂಪ್ಯೂಟರ್ ತಂದು ಲಿನಕ್ಸ್ ಹಾಕಿಸಿಕೊಳ್ಳುವ ವ್ಯವಸ್ಥೆ ಆಗಲಿ. ಕಂಪ್ಯೂಟರ್ ಕಲಿಯುವ ಕಾಲೇಜು ಮಕ್ಕಳು ಕೈ ಹಾಕಲಿ. ಅವರಿಗೂ ಪುಸ್ತಕದಲ್ಲಿ ಸಿಗದ ಪಾಠ. ಮುಂದಿನ ಗ್ರಾಮಸಭೆಯಲ್ಲಿ ಈ ಮಾತು ನೀವೇ ಎತ್ತಿ.

ಆ ಹುಡುಗಿಯ ಲ್ಯಾಪ್‌ಟಾಪ್ ವಾಪಸ್ ಕೊಟ್ಟೆವು. ಪ್ರೋಗ್ರಾಂ ಬರೆದು ಓಡಿಸಿ ನೋಡಲು ಅದು ಧಾರಾಳ ಸಾಕು. ಮೊನ್ನೆ ಸಿಕ್ಕಾಗ ಕೇಳಿದಳು: "ಅಣ್ಣ, ಆ ಕರ್ನೆಲ್ ನಾನೇ ಒಂದ್ಸಲ ಮಾಡಿ ನೋಡ್ಲಾ?"

ಮಾಡು ಎಂದೆವು. ಹಳೆಯದನ್ನು ಮಾತ್ರ ಅಳಿಸಬೇಡ ಎಂದೂ ಹೇಳಿದೆವು.