ಕಾರಿನ ಮುಂದಿನ ಅಚ್ಚು: ಮನೆಯಲ್ಲೇ ಬದಲಿಸಬಹುದೆ?

ಎತ್ತಿನ ಗಾಡಿಯ ಕಾಲದಲ್ಲಿ ನಮ್ಮ ಹಿರಿಯರು ಅಚ್ಚಿನ ವಿಷಯಕ್ಕೆ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಹುಲ್ಲು ಸುಟ್ಟ ಕರಿಯನ್ನು ಹರಳೆಣ್ಣೆಯಲ್ಲಿ ಕಲಸಿ ಕೀಲೆಣ್ಣೆ ಮಾಡಿ, ಬಿದಿರಿನ ಗೊಟ್ಟದಲ್ಲಿ ತುಂಬಿ ಗಾಡಿಯ ಕೆಳಗೆ ತೂಗುಹಾಕುತ್ತಿದ್ದರು. ಗಾಲಿ ಕಿರ್ರೆಂದರೆ ಕಡಾಣಿ ಕಿತ್ತು, ಎಣ್ಣೆ ಸವರಿ, ಮತ್ತೆ ಗಾಡಿ ಹೂಡುತ್ತಿದ್ದರು. ಇಂದು ಅದೇ ಮನೆಯ ಅಂಗಳದಲ್ಲಿ ಹಳೆಯ ಮಾರುತಿ ಕಾರು ನಿಂತಿದೆ. ಅದರ ಮುಂದಿನ ಗಾಲಿ ಕಟಕಟ ಎಂದರೆ ನಾವು ಹಾಡಿನ ಪೆಟ್ಟಿಗೆಯ ಧ್ವನಿ ಏರಿಸಿ ಕುಳಿತುಕೊಳ್ಳುತ್ತೇವೆ. ಇದು ರೈತನಿಗೆ ತಕ್ಕ ನಡತೆಯಲ್ಲ ಎಂಬುದೇ ಈ ಬರಹದ ತಾತ್ಪರ್ಯ.

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಕಾರುಗಳಲ್ಲಿ ಎಂಜಿನ್ನಿನ ಬಲ ಹಿಂದಿನ ಗಾಲಿಗೆ ಹೋಗುತ್ತಿತ್ತು. 1983ರಲ್ಲಿ ಬಂದ ಮಾರುತಿ 800 ಮುಂದಿನ ಗಾಲಿಯಿಂದ ಎಳೆಯುವ ಕಾರು. ಅದರ ತಯಾರಿಕೆ 2014ರಲ್ಲಿ ನಿಂತರೂ ಹಳ್ಳಿಗಳಲ್ಲಿ ಅದಿನ್ನೂ ಓಡುತ್ತಿದೆ. ಆಲ್ಟೋ ಮೊದಲಾದ ಸಣ್ಣ ಕಾರುಗಳೂ ಇದೇ ಜಾತಿಯವು. ಇವುಗಳಲ್ಲಿ ಮುಂದಿನ ಗಾಲಿಗೆ ಎರಡು ದುಡಿಮೆ: ಕಾರನ್ನು ಎಳೆಯಬೇಕು, ಎಡಕ್ಕೂ ಬಲಕ್ಕೂ ಹೊರಳಲೂಬೇಕು. ಆದಕಾರಣ ಪ್ರತಿ ಬದಿಯ ಅಚ್ಚಿಗೂ ಎರಡು ಕೀಲುಗಳಿವೆ. ಒಂದು ಗೇರುಪೆಟ್ಟಿಗೆಯ ಬಳಿ, ಇನ್ನೊಂದು ಗಾಲಿಯ ಗುಂಬದ ಬಳಿ. ಹೊರಗಿನ ಕೀಲಿನಲ್ಲಿ ಸಾಮಾನ್ಯವಾಗಿ ಆರು ಉಕ್ಕಿನ ಗುಂಡುಗಳಿದ್ದು, ಎಷ್ಟು ಬಾಗಿದರೂ ಒಂದೇ ಸಮನೆ ತಿರುಗುತ್ತದೆ. ಈ ಕೀಲುಗಳಿಗೆ ಗ್ರೀಸು ತುಂಬಿ ಮೇಲೆ ರಬ್ಬರಿನ ಬೂಟು ತೊಡಿಸಿರುತ್ತಾರೆ.

ಕೆಡುವುದು ಮೊದಲು ಈ ಬೂಟು. ಅದು ಹರಿದರೆ ಗ್ರೀಸು ಹೊರಗೆ ಚಿಮ್ಮುತ್ತದೆ, ಧೂಳು ನೀರು ಒಳಗೆ ನುಗ್ಗುತ್ತವೆ. ಆಮೇಲೆ ಗುಂಡುಗಳು ಮರಳು ಅರೆದಂತೆ ತಮ್ಮನ್ನು ತಾವೇ ಅರೆದುಕೊಳ್ಳುತ್ತವೆ. ಗಾಲಿಯ ಒಳಮೈಯಲ್ಲಿ ಕಪ್ಪು ಗ್ರೀಸು ಸಿಡಿದಿದ್ದರೆ ಬೂಟು ಹರಿದಿದೆ ಎಂದು ತಿಳಿಯಿರಿ. ಪೂರ್ತಿ ತಿರುವಿನಲ್ಲಿ ಕಟಕಟ ಎಂದರೆ ಹೊರಗಿನ ಕೀಲು ಸವೆದಿದೆ. ವೇಗ ಏರಿಸುವಾಗ ಕಾರು ನಡುಗಿದರೆ ಒಳಗಿನ ಕೀಲಿನ ಮೇಲೆ ಸಂಶಯಪಡಬೇಕು.

ತಾಳವಾಡಿ ಸೀಮೆಯವನಾದ ನಾನು ಈ ಪಾಠವನ್ನು ದುಡ್ಡು ಕೊಟ್ಟು ಕಲಿತವನು. ಕಟಕಟ ಶಬ್ದವನ್ನು ಒಂದು ಬೆಳೆಯ ಕಾಲ ಕೇಳಿಯೂ ಕೇಳದವನಂತಿದ್ದೆ. ಒಂದು ಸಂಜೆ ಸತ್ಯಮಂಗಲದಿಂದ ಹಿಂದಿರುಗುವಾಗ, ಇಪ್ಪತ್ತೇಳು ತಿರುವುಗಳ ದಿಂಬಂ ಘಟ್ಟದಲ್ಲಿ ಎಡಗಾಲಿಯ ಕೀಲು ಒಡೆಯಿತು. ಎಂಜಿನ್ನು ಅಬ್ಬರಿಸುತ್ತದೆ, ಕಾರು ಮುಂದೆ ಸರಿಯದು. ಒಂದು ಬದಿಯ ಅಚ್ಚು ಹೋದರೆ ಬಲವೆಲ್ಲ ಆ ಮುರಿದ ಕಡೆಗೇ ಹರಿದು ಹೋಗುತ್ತದೆ. ಚೆನ್ನಾಗಿರುವ ಗಾಲಿಗೂ ಏನೂ ಸಿಗುವುದಿಲ್ಲ. ಇನ್ನೂ ಕೆಟ್ಟದ್ದೆಂದರೆ ಗೇರಿನಲ್ಲಿಟ್ಟರೂ ಕಾರು ನಿಲ್ಲದು, ಇಳಿಜಾರಿನಲ್ಲಿ ಹಿಂದಕ್ಕೆ ಜಾರುತ್ತದೆ. ನಾನು ಕೈಬ್ರೇಕು ಎಳೆದು ಹಿಡಿದೆ. ಹೆಂಡತಿ ಇಳಿದು ಹಿಂದಿನ ಗಾಲಿಗೆ ಕಲ್ಲು ಕೊಟ್ಟಳು. ಅದು 2013ರಿಂದ ಹುಲಿ ಮೀಸಲು ಕಾಡು. ಕಬ್ಬಿನ ಲಾರಿಗೆ ಆನೆಗಳು ಕಾದು ನಿಲ್ಲುವ ದಾರಿ. ಕತ್ತಲಾಗುವ ಮುಂಚೆ ಲಾರಿಯವರೊಬ್ಬರು ಹಗ್ಗ ಕಟ್ಟಿ ಎಳೆಯದೇ ಇದ್ದರೆ ಏನಾಗುತ್ತಿತ್ತೋ ಹೇಳಲಾರೆ. ಕೆಲವು ನೂರು ರೂಪಾಯಿಯ ಬೂಟನ್ನು ಸಕಾಲದಲ್ಲಿ ಹಾಕಿಸದೆ ಸಾವಿರಗಟ್ಟಲೆಯ ಅಚ್ಚಿಗೆ ಬೆಲೆ ತೆತ್ತೆ.

ಈಗ ಮುಖ್ಯ ಪ್ರಶ್ನೆ. ಅಚ್ಚನ್ನು ಮನೆಯಲ್ಲೇ ಬದಲಿಸಬಹುದೆ? ‘ಅದೇನು ಮಹಾ, ಒಂದು ನಟ್ಟು’ ಎನ್ನುವವರಿದ್ದಾರೆ. ‘ಮೆಕ್ಯಾನಿಕ್ಕನ ಹೊರತು ಮುಟ್ಟಲೇಬಾರದು’ ಎನ್ನುವವರೂ ಇದ್ದಾರೆ. ನನ್ನ ಅಭಿಪ್ರಾಯದಲ್ಲಿ ಇಬ್ಬರೂ ಅರ್ಧ ಸರಿ. ಪಂಪು ಬಿಚ್ಚಿ ಕೂಡಿಸಬಲ್ಲ ರೈತನಿಗೆ ಇದು ಅಸಾಧ್ಯವಲ್ಲ. ಆದರೆ ಸರಿಯಾದ ಸಲಕರಣೆ, ಜೊತೆಗೊಬ್ಬ ಆಳು, ಒಂದು ಇಡೀ ಹಗಲು, ಈ ಮೂರೂ ಇಲ್ಲದಿದ್ದರೆ ಕೈ ಹಾಕಬಾರದು.

ಕೆಲಸದ ಕ್ರಮ ಹೀಗೆ. ಸಮತಟ್ಟಾದ ಗಟ್ಟಿನೆಲದಲ್ಲಿ ಕಾರು ನಿಲ್ಲಿಸಿ, ಕೈಬ್ರೇಕು ಎಳೆದು, ಹಿಂದಿನ ಗಾಲಿಗೆ ಕಲ್ಲು ಕೊಡಿ. ಗುಂಬದ ನಡುವಿನ ದೊಡ್ಡ ನಟ್ಟಿನ ಅಂಚು ಬಡಿದು ಮಡಚಿದ್ದರೆ ಉಳಿಯಿಂದ ಬಿಡಿಸಿ, ಇನ್ನೊಬ್ಬರು ಬ್ರೇಕು ತುಳಿದಿರುವಾಗ ಉದ್ದ ಹಿಡಿಯ ಸ್ಪ್ಯಾನರಿನಿಂದ ಸಡಿಲಿಸಿ. ಗಾಲಿ ನೆಲದ ಮೇಲಿರುವಾಗಲೇ ಇದನ್ನು ಮಾಡಬೇಕು. ಬಳಿಕ ಜಾಕಿ ಎತ್ತಿ, ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕೂರಿಸಿ, ಗಾಲಿ ಕಳಚಿ, ಗೇರೆಣ್ಣೆ ಇಳಿಸಿ. ಕೆಳಗಿನ ತೋಳಿನ ಬಾಲ್ ಜಾಯಿಂಟು ಬಿಡಿಸಿದರೆ ಗುಂಬ ಹೊರಕ್ಕೆ ಬಾಗಿ ಅಚ್ಚಿನ ತುದಿ ಈಚೆ ಬರುತ್ತದೆ. ಬಾರದಿದ್ದರೆ ಮರದ ತುಂಡಿಟ್ಟು ಬಡಿಯಿರಿ. ತಿರುಪಿನ ಹಲ್ಲಿನ ಮೇಲೆ ಬರಿ ಸುತ್ತಿಗೆ ಬೀಳಬಾರದು. ಬ್ರೇಕಿನ ರಬ್ಬರ್ ಕೊಳವೆಯ ಮೇಲೆ ಭಾರ ಬೀಳದಂತೆ ನೋಡಿಕೊಳ್ಳಿ.

ಒಳತುದಿಯನ್ನು ಗೇರುಪೆಟ್ಟಿಗೆಯಿಂದ ಸಣ್ಣ ಗಡಾರಿಯಿಂದ ಮೀಟಿ ತೆಗೆಯಬೇಕು. ಅಚ್ಚಿನ ಕೋಲು ಹಿಡಿದು ಜಗ್ಗಿದರೆ ಒಳಗಿನ ಕೀಲು ಬಿಚ್ಚಿಕೊಳ್ಳುತ್ತದೆ. ಹೊಸ ಅಚ್ಚನ್ನು ಹಳೆಯದರ ಪಕ್ಕದಲ್ಲಿಟ್ಟು ಉದ್ದ ಅಳೆಯಿರಿ, ಹಲ್ಲು ಎಣಿಸಿ. ಎಡಬಲಗಳ ಅಳತೆ ಸಾಮಾನ್ಯವಾಗಿ ಬೇರೆ ಬೇರೆ. ಎಣ್ಣೆಯ ಸೀಲನ್ನೂ ಇದೇ ಸಲ ಹೊಸದು ಹಾಕಿ, ಅದರ ತುಟಿಗೆ ಗಾಯವಾಗದಂತೆ ಅಚ್ಚನ್ನು ತೂರಿಸಿ. ಒಳಗಿನ ಉಂಗುರ ಟಕ್ಕೆಂದು ಕೂತ ಮೇಲೆಯೇ ಉಳಿದದ್ದನ್ನು ಜೋಡಿಸಿ. ದೊಡ್ಡ ನಟ್ಟು ಹೊಸದಿರಲಿ. ಅದನ್ನು ಆ ಕಾರಿನ ಪುಸ್ತಕ ಹೇಳಿದಷ್ಟೇ, ಟಾರ್ಕ್ ಸ್ಪ್ಯಾನರಿನಿಂದ ಬಿಗಿದು, ಮೊದಲಿನಂತೆ ಅಂಚು ಮಡಚಿ ಭದ್ರಪಡಿಸಿ. ಅದಕ್ಕೆ ಮುಂಚೆ ಕಾರನ್ನು ಒಂದು ಗೇಣೂ ಉರುಳಿಸಬೇಡಿ. ಗಾಲಿಯ ಬೇರಿಂಗು ಹಾಳಾಗುತ್ತದೆ. ಗೇರೆಣ್ಣೆ ತುಂಬುವುದನ್ನು ಮರೆತರೆ ಪೆಟ್ಟಿಗೆಯೇ ಹೋಯಿತು.

ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಬರಿಯ ಜಾಕಿಯ ಮೇಲೆ ನಿಂತ ಕಾರಿನ ಕೆಳಗೆ ತಲೆ ತೂರಿಸಬೇಡಿ. ಇಟ್ಟಿಗೆಯನ್ನಾಗಲಿ, ಪೊಳ್ಳು ಸಿಮೆಂಟು ಕಲ್ಲನ್ನಾಗಲಿ ನಂಬಬೇಡಿ. ಅವು ಮುನ್ಸೂಚನೆ ಕೊಡದೆ ಒಡೆಯುತ್ತವೆ. ಉಳಿಸುವುದು ಒಂದು ದಿನದ ಕೂಲಿ, ಪಣಕ್ಕಿಡುವುದು ಮನೆಯ ಯಜಮಾನನ ಪ್ರಾಣ.

ಹಾಗಾದರೆ ಒಬ್ಬೊಬ್ಬರೂ ಇಷ್ಟು ಸಾಮಾನು ಕೊಳ್ಳಬೇಕೆ? ಬೇಕಿಲ್ಲ. ನಾಟಿಗೆ, ಕುಯ್ಲಿಗೆ ಮುಯ್ಯಾಳು ಕಂಡ ನಾಡು ನಮ್ಮದು. ಐದಾರು ಮನೆಯವರು ಕೂಡಿ ಒಂದು ಜೊತೆ ಸ್ಟ್ಯಾಂಡು, ಒಂದು ಟಾರ್ಕ್ ಸ್ಪ್ಯಾನರು, ದೊಡ್ಡ ನಟ್ಟಿನ ಸಾಕೆಟ್ಟು ಕೊಂಡಿಟ್ಟರೆ ಎಲ್ಲರಿಗೂ ಆಗುತ್ತದೆ. ಊರಿನ ಹುಡುಗರು ಮೊದಲ ಸಲ ಒಬ್ಬ ನುರಿತ ಮೆಕ್ಯಾನಿಕ್ಕನಿಗೆ ಕೂಲಿ ಕೊಟ್ಟು, ಅಂಗಳದಲ್ಲೇ ಅವನ ಕೈಯಿಂದ ಕಲಿಯಲಿ. ಅವನ ಹೊಟ್ಟೆಯ ಮೇಲೆ ಹೊಡೆಯುವುದು ನನ್ನ ಉದ್ದೇಶವಲ್ಲ. ಕೆಟ್ಟದ್ದೇನೆಂದು ತಿಳಿದು ಅವನಲ್ಲಿಗೆ ಹೋಗುವುದೂ ಒಂದು ಲಾಭವೇ.

ಅಷ್ಟೂ ಆಗದವರು ಇಷ್ಟಾದರೂ ಮಾಡಿ. ತಿಂಗಳಿಗೊಮ್ಮೆ ಸ್ಟಿಯರಿಂಗನ್ನು ಪೂರ್ತಿ ಒಂದು ಬದಿಗೆ ತಿರುಗಿಸಿ ನಿಲ್ಲಿಸಿ, ಗಾಲಿಯ ಹಿಂದೆ ಬ್ಯಾಟರಿ ಬಿಟ್ಟು ರಬ್ಬರಿನ ಮಡಿಕೆಗಳನ್ನು ನೋಡಿ. ಬಿರುಕು ಕಂಡರೆ ಅದೇ ವಾರ ಬೂಟು ಬದಲಿಸಿ ಗ್ರೀಸು ತುಂಬಿಸಿ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಬಾರದೆಂದು ಹಿರಿಯರು ಹೇಳಿದ್ದಾರೆ. ಕೀಲೆಣ್ಣೆಯ ಗೊಟ್ಟ ಹೋಯಿತು, ಸರಿ. ಅದನ್ನು ತೂಗುಹಾಕಿದವರ ಎಚ್ಚರ ಹೋಗದಿರಲಿ.