ಜೋಮು ಹಿಡಿಯೋದು ಸಾಧನೆ ಅಲ್ಲ

"ಸ್ವಲ್ಪ ದಿನ ಅಷ್ಟೇ, ಅಭ್ಯಾಸ ಆಗಿಬಿಡುತ್ತೆ."

ಬೆಂಗಳೂರಿನಲ್ಲಿ ಟ್ರಯಥ್ಲಾನ್‌ಗೆ ತಯಾರಿ ಶುರು ಮಾಡಿದ ಯಾರನ್ನೇ ಕೇಳಿ, ಈ ಮಾತನ್ನ ಕನಿಷ್ಠ ಹತ್ತು ಸಲ ಕೇಳಿಸಿಕೊಂಡಿರ್ತಾರೆ. ಈಜಿನ ವಿಷಯದಲ್ಲಿ ಯಾರೂ ಹೀಗೆ ಹೇಳಲ್ಲ. ಗಾಗಲ್ಸ್ ಒಳಗೆ ನೀರು ಬರ್ತಿದೆ ಅಂದ್ರೆ ಬೇರೆ ಗಾಗಲ್ಸ್ ತಗೋ ಅಂತಾರೆ. ಶೂ ಕಚ್ತಿದೆ ಅಂದ್ರೆ ಅರ್ಧ ಸೈಜ್ ದೊಡ್ಡದು ತಗೋ ಅಂತಾರೆ. ಸೈಕಲ್ ಮೇಲೆ ನಲವತ್ತು ಕಿಲೋಮೀಟರ್ ಆದ ಮೇಲೆ ಕೆಳಗಡೆ ಏನೂ ಗೊತ್ತಾಗ್ತಿಲ್ಲ ಅಂದ್ರೆ ಮಾತ್ರ, ಅಭ್ಯಾಸ ಆಗುತ್ತೆ.

ಆಗಲ್ಲ. ಆಗಲೂಬಾರದು. ಜೋಮು ಹಿಡೀತಿದೆ ಅಂದ್ರೆ ಒಂದು ನರ ಅಥವಾ ರಕ್ತನಾಳ ಒತ್ತಡಕ್ಕೆ ಸಿಕ್ಕಿದೆ ಅಂತ ಅರ್ಥ. ಅದನ್ನ ಸಹಿಸಿಕೊಳ್ಳೋದನ್ನೇ ಗಟ್ಟಿತನ ಅಂತ ನಂಬಿಸಿರೋ ಈ ಕ್ರೀಡೆಯ ಸಂಸ್ಕೃತಿ ಮೇಲೆ ನನಗೆ ಸಿಟ್ಟಿದೆ. "ಪೇನ್ ಈಸ್ ಟೆಂಪರರಿ" ಅಂತ ಬರೆದ ಟೀ ಶರ್ಟ್ ಹಾಕ್ಕೊಂಡು ಓಡಾಡೋರ ಮೇಲೂ ಸ್ವಲ್ಪ.

ಮೊದಲು ವಿಷಯ ಏನು ಅಂತ ನೋಡೋಣ. ಹಳೇ ಕಾಲದ ಹಾಲಿನವರ ಸೈಕಲ್ ನೆನಪು ಮಾಡ್ಕೊಳ್ಳಿ. ಅಗಲವಾದ ಸೀಟು, ಕೆಳಗೆ ಸ್ಪ್ರಿಂಗು, ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತ ಮನುಷ್ಯ. ಅವನ ಮೈಭಾರ ಬೀಳೋದು ಕುಂಡಿಯ ಕೆಳಗಿರೋ ಎರಡು ಮೂಳೆಗಳ ಮೇಲೆ. ಸಿಟ್ ಬೋನ್ ಅಂತಾರಲ್ಲ, ಅವು. ಬರೀ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಾಗ ಒತ್ತೋದೂ ಅವೇ. ಭಾರ ಹೊರೋಕೆ ಅವು ಸರಿಯಾದ ಜಾಗ. ರೋಡ್ ಬೈಕಿಗೆ ಬಂದರೆ ಸ್ವಲ್ಪ ಮುಂದೆ ಬಗ್ಗಿರ್ತೀವಿ, ಆದರೂ ಪರವಾಗಿಲ್ಲ. ಟ್ರಯಥ್ಲಾನ್ ಬೈಕಿನ ಕಥೆಯೇ ಬೇರೆ. ಮೊಣಕೈಗಳನ್ನ ಏರೋಬಾರ್ ಮೇಲೆ ಊರಿ, ಗಾಳಿಗೆ ಮೈ ಸಿಗದ ಹಾಗೆ ಹೆಚ್ಚುಕಡಿಮೆ ಮಲಗಿಬಿಡ್ತೀವಿ. ಆಗ ಸೊಂಟ ಇಡಿಯಾಗಿ ಮುಂದಕ್ಕೆ ಉರುಳುತ್ತೆ, ಸಿಟ್ ಬೋನ್‌ಗಳ ಮೇಲಿನ ಭಾರ ಕಮ್ಮಿಯಾಗುತ್ತೆ. ಅದೆಲ್ಲಾ ಬಂದು ಕೂರೋದು ಜನನಾಂಗದ ಹತ್ತಿರದ ಮೂಳೆಗಳ ಮೇಲೆ, ಮತ್ತು ಅವುಗಳ ನಡುವಿನ ಮೆತ್ತನೆ ಜಾಗದ ಮೇಲೆ. ಅಲ್ಲೇ ಹಾದುಹೋಗುತ್ತೆ ಪ್ಯುಡೆಂಡಲ್ ನರ, ಜೊತೆಗೆ ರಕ್ತನಾಳಗಳು.

ಆ ನರದ ಹೆಸರು ಬಂದಿರೋದು ನಾಚಿಕೆ ಅನ್ನೋ ಅರ್ಥದ ಲ್ಯಾಟಿನ್ ಪದದಿಂದ. ನಾಚಿಕೆಪಡಬೇಕಾದ ಭಾಗದ ನರ ಅಂತ. ಹೆಸರಿಟ್ಟವರಿಗೆ ನಮ್ಮ ಸೈಕಲ್ ಗುಂಪುಗಳ ಪರಿಚಯ ಇದ್ದಿರಬೇಕು ಅನ್ಸುತ್ತೆ ಒಂದೊಂದು ಸಲ.

ನನ್ನ ಅನುಭವ ಹೇಳ್ತೀನಿ. ಗೋವಾದ 70.3ಗೆ ಹೆಸರು ಕೊಟ್ಟಿದ್ದೆ. 1.9 ಕಿಲೋಮೀಟರ್ ಈಜು, 90 ಸೈಕಲ್, 21.1 ಓಟ. ಈಜೋದಕ್ಕೂ ಓಡೋದಕ್ಕೂ ಭಯ ಇರಲಿಲ್ಲ. ಸೈಕಲ್ ಮೇಲೆ ಏರೋಬಾರ್ ಹಾಕಿಸಿದ ಮೂರನೇ ವಾರಕ್ಕೆ ಮುಂಭಾಗದಲ್ಲಿ ಊತ, ಆಮೇಲೆ ಗಾಯ. ಮೂತ್ರ ಮಾಡಿದ್ರೆ ಉರಿ. ಕೋಚ್‌ಗೆ ಹೇಗೆ ಹೇಳೋದು? "ಸೀಟು ಸರಿಯಿಲ್ಲ ಸರ್" ಅಂದೆ ಅಷ್ಟೇ. "ಅಭ್ಯಾಸ ಆಗುತ್ತೆ ಕಣಮ್ಮಾ" ಅಂದ್ರು. ಅವರು ಕೆಟ್ಟವರಲ್ಲ. ಅವರಿಗೂ ಯಾರೋ ಹಾಗೇ ಹೇಳಿದ್ದರು.

ಅಂಗಡಿಗೆ ಹೋದೆ. ಅಲ್ಲಿನ ಹುಡುಗ ನನ್ನನ್ನ ಒಂದು ಜೆಲ್ ಪ್ಯಾಡ್ ಮೇಲೆ ನೆಟ್ಟಗೆ ಕೂರಿಸಿ, ಬಿದ್ದ ಎರಡು ಗುಳಿಗಳ ನಡುವಿನ ದೂರ ಅಳೆದ. "ನಿಮಗೆ 155 ಮಿಲಿಮೀಟರ್ ಮೇಡಂ, ಲೇಡೀಸ್‌ಗೆ ಅಗಲವೇ ಬೇಕು" ಅಂದ. ಬಹಳ ವೈಜ್ಞಾನಿಕವಾಗಿ ಕಾಣ್ತು, ದುಡ್ಡು ಕೊಟ್ಟೆ. ಅಳತೆ ತಪ್ಪಿರಲಿಲ್ಲ. ಅಳೆದ ಮೂಳೆ ತಪ್ಪು. ನಾನು ನೆಟ್ಟಗೆ ಕೂತು ಸೈಕಲ್ ಹೊಡೆಯಲ್ಲವಲ್ಲ! ಮಲಗಿದಾಗ ಆ ಹಿಂಭಾಗದ ಅಗಲ ಉಪಯೋಗಕ್ಕೇ ಬರಲ್ಲ, ತೊಡೆ ತರಚೋದಕ್ಕೆ ಮಾತ್ರ ಬರುತ್ತೆ. ಮುಂದಿನ ಮೂತಿಯಂತೂ ಮೊದಲಿನ ಹಾಗೇ ಒತ್ತುತ್ತಾ ಇತ್ತು. ವಾಪಸ್ ತಗೊಳ್ತೀರಾ ಅಂದ್ರೆ, ಉಪಯೋಗಿಸಿದ ಸೀಟು ತಗೊಳ್ಳಲ್ಲ ಮೇಡಂ.

ಆಮೇಲೆ ಒಬ್ಬ ಹಿತೈಷಿ ಜೆಲ್ ಕವರ್ ಹಾಕು ಅಂದರು. ಅದೂ ಆಯ್ತು. ಮೆತ್ತಗಿದ್ದಷ್ಟೂ ಸುಖ ಅನ್ನೋದು ಸೋಫಾದ ಲೆಕ್ಕ. ಸೀಟು ತೀರಾ ಮೆತ್ತಗಿದ್ರೆ ಮೂಳೆ ಒಳಗೆ ಇಳಿಯುತ್ತೆ, ನಡುವಿನ ಜೆಲ್ ಉಬ್ಬಿ ಮೇಲೆ ಬರುತ್ತೆ, ಯಾವ ಜಾಗಕ್ಕೆ ಒತ್ತಡ ಬೇಡವೋ ಅಲ್ಲಿಗೇ ಒತ್ತುತ್ತೆ. ಗಟ್ಟಿ ಸೀಟು ನೋಡಿ ಹೆದರೋರು ಇದನ್ನ ಒಂದು ಸಲ ಯೋಚನೆ ಮಾಡಿ.

ಇದು ಹೆಂಗಸರ ಸೂಕ್ಷ್ಮತೆ, ನಮಗೇನಿಲ್ಲ ಅಂತ ಮೀಸೆ ತಿರುವೋ ಗಂಡಸರಿಗೆ ಎರಡು ಮಾತು. 1997ರಲ್ಲಿ ಅಮೆರಿಕದ ಬೈಸಿಕ್ಲಿಂಗ್ ಪತ್ರಿಕೆಯಲ್ಲಿ ಬಾಸ್ಟನ್‌ನ ಮೂತ್ರರೋಗ ತಜ್ಞ ಅರ್ವಿನ್ ಗೋಲ್ಡ್‌ಸ್ಟೀನ್, ಸೈಕಲ್ ಸೀಟಿಗೂ ಗಂಡಸರ ನಿಮಿರು ದೌರ್ಬಲ್ಯಕ್ಕೂ ಸಂಬಂಧ ಇದೆ ಅಂತ ಹೇಳಿ ದೊಡ್ಡ ಗಲಾಟೆಯೇ ಆಯ್ತು. ಅವರು ಹೇಳಿದ್ದು ಅತಿಯಾಯ್ತು ಅಂತ ನನಗೂ ಅನ್ಸುತ್ತೆ. ಆದರೆ ಆ ಗಲಾಟೆಯ ನಂತರವೇ ದೊಡ್ಡ ಕಂಪನಿಗಳು ನಡುವೆ ಸೀಳಿರೋ ಸೀಟುಗಳನ್ನ ಗಂಭೀರವಾಗಿ ಮಾಡೋಕೆ ಶುರು ಮಾಡಿದ್ದು. 2008ರಲ್ಲಿ ಅಮೆರಿಕ ಸರ್ಕಾರದ ಔದ್ಯೋಗಿಕ ಆರೋಗ್ಯ ಸಂಸ್ಥೆ ಒಂದು ಅಧ್ಯಯನ ಪ್ರಕಟಿಸಿತು. ಸೈಕಲ್ ಮೇಲೆ ಗಸ್ತು ತಿರುಗೋ 90 ಪೊಲೀಸರಿಗೆ ಮೂತಿಯೇ ಇಲ್ಲದ ಸೀಟು ಕೊಟ್ಟು ಆರು ತಿಂಗಳು ಓಡಿಸಿದ್ರು. ಮೊದಲು 73% ಜನ ಜೋಮು ಹಿಡಿಯುತ್ತೆ ಅಂದಿದ್ದರು, ಕೊನೆಗೆ ಅದು 18% ಆಯ್ತು. ಸೀಟು ಬದಲಾಯಿಸಿದ್ದು, ಅಷ್ಟೇ. ಅವರ ಅಭ್ಯಾಸ, ಗಟ್ಟಿತನ, ಮನೋಬಲ ಎಲ್ಲಾ ಮೊದಲಿನ ಹಾಗೇ ಇತ್ತು.

ಸರಿ, ನಿಜವಾದ ಕ್ರೀಡಾಪಟುಗಳು ಸಹಿಸಿಕೊಳ್ತಾರಲ್ಲ ಅಂತೀರಾ? ಸಹಿಸಿಕೊಂಡರೆ ಏನಾಗುತ್ತೆ ಅಂತ ಹ್ಯಾನಾ ಡೈನ್ಸ್ ಬರೆದಿದ್ದಾರೆ. 2016ರ ರಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ ಬ್ರಿಟನ್ ಪರ ಮೂರು ಚಕ್ರದ ಸೈಕಲ್ ಓಡಿಸಿದವರು. ಸೀಟಿನ ಒತ್ತಡದಿಂದ ಜನನಾಂಗದಲ್ಲಿ ಊತ ಬಂದು ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬೇಕಾಯ್ತು ಅಂತ 2019ರಲ್ಲಿ ಗಾರ್ಡಿಯನ್ ಪತ್ರಿಕೆಯಲ್ಲಿ ಹೆಸರು ಹಾಕಿಕೊಂಡೇ ಬರೆದರು. ಅದನ್ನ ಓದಿದ ದಿನ ನಾನು ಅತ್ತಿದ್ದೆ. ಅಯ್ಯೋ ಪಾಪ ಅಂತ ಅಲ್ಲ, ನನಗೊಬ್ಬಳಿಗೇ ಅಲ್ವಲ್ಲ ಅಂತ. ಅದೇ ಬ್ರಿಟನ್‌ನ ಮಹಿಳಾ ತಂಡ ರಿಯೊ ಒಲಿಂಪಿಕ್ಸ್‌ಗೆ ಹೋಗೋ ಮುಂಚೆ, ಸೀಟಿನ ಗಾಯಗಳ ಬಗ್ಗೆ ಮಾತಾಡೋದಕ್ಕೇ ಅಂತ ತಜ್ಞರನ್ನ ಕೂರಿಸಿದ್ದರು. ಅಲ್ಲಿಂದ ಬಂದ ಒಂದು ಸಲಹೆ: ಆ ಜಾಗದ ಕೂದಲು ತೆಗೀಬೇಡಿ, ಅದು ಉಜ್ಜುವಿಕೆಯಿಂದ ಚರ್ಮ ಕಾಯುತ್ತೆ. ಅವರ ಟೀಮ್ ಪರ್ಸ್ಯೂಟ್ ತಂಡ ಚಿನ್ನ ಗೆದ್ದುಕೊಂಡು ಬಂತು. ಅಲ್ಲಿ ಟೇಬಲ್ ಸುತ್ತ ಕೂತು ಮಾತಾಡಿದ ವಿಷಯವನ್ನ ನಾವಿಲ್ಲಿ ಹತ್ತಿರದ ಗೆಳತಿಗೂ ಹೇಳಲ್ಲ.

ನನ್ನ ಜೊತೆ ತರಬೇತಿಗೆ ಬರ್ತಿದ್ದ ಒಬ್ಬಳು ನಡುವೆಯೇ ಬಿಟ್ಟುಬಿಟ್ಟಳು. ಆಫೀಸ್ ಕೆಲಸ ಜಾಸ್ತಿ ಅಂದಳು. ಎರಡು ವರ್ಷ ಆದ ಮೇಲೆ ಕಾಫಿ ಕುಡೀತಾ ನಿಜ ಹೇಳಿದಳು. "ನನ್ನ ಬಾಡಿನೇ ಈ ಸ್ಪೋರ್ಟ್‌ಗೆ ಸರಿ ಇಲ್ಲ ಅಂದ್ಕೊಂಡೆ ಕಣೇ." ಅವಳ ಸೈಕಲ್ ನನ್ನದಕ್ಕಿಂತ ದುಬಾರಿ. ಅದರ ಮೇಲಿದ್ದದ್ದು ಕಂಪನಿಯಿಂದ ಬಂದ ಸೀಟು, ಒಂದು ಸಲವೂ ಬದಲಾಯಿಸಿರಲಿಲ್ಲ.

ನ್ಯಾಯವಾಗಿ ಒಂದು ಮಾತು ಒಪ್ಪಿಕೊಳ್ತೀನಿ. ಹೊಸದಾಗಿ ಸೈಕಲ್ ಹತ್ತಿದವರಿಗೆ ಮೊದಲ ಎರಡು ಮೂರು ವಾರ ಸಿಟ್ ಬೋನ್ ಇರೋ ಜಾಗದಲ್ಲಿ ನೋವು ಇರುತ್ತೆ, ಅದು ನಿಜಕ್ಕೂ ಅಭ್ಯಾಸ ಆಗುತ್ತೆ. ಮೂಳೆ ನೋವು ಬೇರೆ, ಜೋಮು, ಊತ, ಗಾಯ ಬೇರೆ. ಎರಡಕ್ಕೂ ಒಂದೇ ಉತ್ತರ ಕೊಡೋದೇ ತಪ್ಪು. ಇನ್ನೊಂದು, ಎಷ್ಟೋ ಸಲ ತಪ್ಪು ಸೀಟಿನದಲ್ಲ. ಸೀಟು ತೀರಾ ಎತ್ತರ ಇದ್ರೆ ಪ್ರತಿ ಪೆಡಲ್‌ಗೂ ಸೊಂಟ ಅತ್ತಿತ್ತ ತೂಗಿ ಉಜ್ಜುತ್ತೆ. ಏರೋಬಾರ್ ತೀರಾ ದೂರ ಇದ್ರೆ ಮುಂದಕ್ಕೆ ಎಳೆದುಕೊಂಡು ಹೋಗುತ್ತೆ. ಆದ್ದರಿಂದ ಹೊಸ ಸೀಟು ಕೊಳ್ಳೋ ಮೊದಲು ಫಿಟ್ ನೋಡಿಸಿ. ಸೀಟು ಬದಲಾಯಿಸಿದ ಮೇಲೆ ಎತ್ತರವನ್ನ ಮತ್ತೆ ಅಳೆಯಿರಿ.

ನನಗೆ ಕೊನೆಗೆ ಸರಿಹೋಗಿದ್ದು ಮೂತಿ ಎರಡಾಗಿ ಸೀಳಿ, ಮೊಂಡಾಗಿರೋ ಸೀಟು. ಐಎಸ್‌ಎಂ ಕಂಪನಿಯವರು ಜನಪ್ರಿಯ ಮಾಡಿದ ಮಾದರಿ, ಈಗ ಬೇರೆಯವರೂ ಮಾಡ್ತಾರೆ. ಮುಂದಿನ ಮೂಳೆಗಳಿಗೆ ಎರಡು ಕಡೆ ಆಸರೆ, ನಡುವೆ ಖಾಲಿ. ನೋಡೋಕೆ ಚೆನ್ನಾಗಿಲ್ಲ, ಒಪ್ಕೊಳ್ತೀನಿ. ಮೊದಲ ದಿನ ಇದೂ ಆಗಲ್ಲ ಅಂತ ಬಿಸಾಡೋದರಲ್ಲಿದ್ದೆ. ಯಾಕಂದ್ರೆ ಹಳೇ ಸೀಟಿನ ಜಾಗದಲ್ಲೇ ಕೂರಿಸಿ, ಹಳೇ ಅಭ್ಯಾಸದಂತೆ ಹಿಂದೆ ಸರಿದು ಕೂತಿದ್ದೆ. ಇದರಲ್ಲಿ ತುದಿಯಲ್ಲೇ ಕೂರಬೇಕು. ಮೂತಿ ಗಿಡ್ಡ ಇರೋದ್ರಿಂದ ಸೀಟನ್ನ ನಾಲ್ಕೈದು ಸೆಂಟಿಮೀಟರ್ ಹಿಂದೆ ತಳ್ಳಿ, ಎರಡು ಡಿಗ್ರಿಯಷ್ಟು ಮುಂದೆ ಬಾಗಿಸಿದ ಮೇಲೆ ಸರಿಯಾಯ್ತು. ಇನ್ನೂ ಬಾಗಿಸಿದ್ರೆ ಜಾರಿ ಜಾರಿ ಭುಜ ಬಿದ್ದುಹೋಗುತ್ತೆ. ಇದೇ ನಿಮಗೂ ಆಗುತ್ತೆ ಅಂತ ಹೇಳ್ತಿಲ್ಲ. ಗೆಳೆಯರೊಬ್ಬರಿಗೆ ಇದರ ಮುಂಭಾಗವೇ ಅಗಲ ಜಾಸ್ತಿಯಾಗಿ ತೊಡೆ ಕಿತ್ತುಹೋಯ್ತು. ಅವರು ಸಣ್ಣ ಮೂತಿಯ, ನಡುವೆ ದೊಡ್ಡ ಸೀಳಿರೋ ರೋಡ್ ಸೀಟಿನ ಮೇಲೆ ಆರಾಮಾಗಿದ್ದಾರೆ.

ಇದಕ್ಕೇ ಹೇಳೋದು, ಕೂತು ನೋಡದೆ ಗೊತ್ತಾಗಲ್ಲ. ಅಂಗಡಿಯಲ್ಲಿ ಎರಡು ನಿಮಿಷ ಕೂತ್ರೂ ಗೊತ್ತಾಗಲ್ಲ. ನಂದಿ ಬೆಟ್ಟಕ್ಕೆ ಹೋಗಿಬಂದರೂ ಗೊತ್ತಾಗಲ್ಲ. ಹತ್ತೋವಾಗ ಎದ್ದು ನಿಂತು ತುಳೀತೀವಿ, ಇಳಿಯೋವಾಗ ಕೈ ಬ್ರೇಕ್ ಮೇಲೆ ಇರುತ್ತೆ, ಏರೋಬಾರ್ ಮುಟ್ಟೋದೇ ಇಲ್ಲ. ಟ್ರೈನರ್ ಮೇಲೆ ಬೈಕ್ ಕೂರಿಸಿ, ರೇಸ್ ದಿನ ಹಾಕೋ ಅದೇ ತೆಳು ಪ್ಯಾಡಿನ ಟ್ರೈ ಸೂಟ್ ಹಾಕ್ಕೊಂಡು, ಒಳಉಡುಪು ಇಲ್ಲದೆ, ಏಳದೆ, ಏರೋಬಾರ್ ಮೇಲೆ ನಲವತ್ತು ನಿಮಿಷ ತುಳೀರಿ. ದಪ್ಪ ಪ್ಯಾಡಿನ ಬಿಬ್ ಹಾಕಿ ಪರೀಕ್ಷೆ ಮಾಡಿದ್ರೆ ಪ್ಯಾಡನ್ನ ಪರೀಕ್ಷೆ ಮಾಡಿದ ಹಾಗೆ. ಟ್ರೈನರ್ ಕರುಣೆ ತೋರಿಸಲ್ಲ. ಸಿಗ್ನಲ್ ಇಲ್ಲ, ಹಂಪ್ ಇಲ್ಲ, ಎದ್ದು ನಿಲ್ಲೋಕೆ ನೆಪವೇ ಇಲ್ಲ. ಅಲ್ಲಿ ಜೋಮು ಹಿಡೀಲಿಲ್ಲ ಅಂದ್ರೆ ರಸ್ತೆಯಲ್ಲಿ ಹಿಡಿಯೋ ಭಯ ಬಹಳ ಕಮ್ಮಿ.

ಆದರೆ ನಲವತ್ತು ನಿಮಿಷ ನೋಡೋಕೆ ಸೀಟು ಕೊಡೋರು ಯಾರು? ಹೊರದೇಶಗಳಲ್ಲಿ ಎಷ್ಟೋ ಅಂಗಡಿಗಳು ಟ್ರಯಲ್‌ಗೆ ಅಂತಲೇ ಸೀಟು ಇಟ್ಟಿರ್ತಾರೆ, ವಾರ ಓಡಿಸಿ ವಾಪಸ್ ಕೊಡಬಹುದು. ಇಲ್ಲಿ ಲಕ್ಷಗಟ್ಟಲೆ ಬೆಲೆಯ ಕಾರ್ಬನ್ ಚಕ್ರ ಮಾರೋ ಅಂಗಡಿಗೆ ನಾಲ್ಕು ಟ್ರಯಲ್ ಸೀಟು ಇಡೋದು ಭಾರವಾ? ಎಷ್ಟು ವ್ಯಾಟ್, ಎಷ್ಟು ಬಜೆಟ್ ಅಂತ ಕೇಳೋ ಬಾಯಿಗೆ "ಜೋಮು ಹಿಡಿಯುತ್ತಾ, ಎಲ್ಲಿ?" ಅಂತ ಕೇಳೋಕೆ ಏನು ಕಷ್ಟ? ಹುಡುಗನಿಗೆ ಮುಜುಗರ ಆಗುತ್ತೆ ಅಂದ್ರೆ ಒಂದು ಕಾಗದದ ಮೇಲೆ ಚಿತ್ರ ಇಡಿ, ನಾವೇ ಬೆರಳಿಟ್ಟು ತೋರಿಸ್ತೀವಿ. ಕೋಚ್‌ಗಳೇ, ನೀವು ಹೃದಯ ಬಡಿತ, ನಿದ್ದೆ, ತಿಂದ ಇಡ್ಲಿ ಎಲ್ಲಾ ಲೆಕ್ಕ ಇಡ್ತೀರಿ. ಅದೇ ಹಾಳೆಯಲ್ಲಿ ಇದಕ್ಕೂ ಒಂದು ಕಾಲಂ ಹಾಕಿ.

ಅಲ್ಲಿಯವರೆಗೆ ನಮ್ಮ ಗುಂಪಿನಲ್ಲಿ ನಾವೇ ಶುರು ಮಾಡಿದ್ದೀವಿ. ನನ್ನ ಅಟ್ಟದ ಮೇಲೆ ಆಗದ ಸೀಟುಗಳು ಮೂರು ಬಿದ್ದಿದ್ವು, ಉಳಿದವರ ಮನೆಗಳಿಂದ ಇನ್ನೂ ಎಂಟು ಬಂದ್ವು. ಯಾರು ಬೇಕಾದ್ರೂ ಎರಡು ವಾರಕ್ಕೆ ತಗೊಂಡು ಹೋಗಬಹುದು. ಮೊದಲ ವಾರ ಒಬ್ಬರೂ ಕೇಳಲಿಲ್ಲ. ಎರಡನೇ ವಾರ ರಾತ್ರಿ ಹನ್ನೊಂದೂವರೆಗೆ, ಗುಂಪಿನಲ್ಲಿ ಯಾವಾಗಲೂ ನೋವಿನ ಬಗ್ಗೆ ಭಾಷಣ ಬಿಗಿಯೋ ಒಬ್ಬರು ನನಗೆ ಮಾತ್ರ ಮೆಸೇಜ್ ಹಾಕಿದ್ರು. "ಆ ಸೀಳಿರೋದು ಇನ್ನೂ ಇದೆಯಾ? ನನ್ನ ಫ್ರೆಂಡ್‌ಗೆ ಬೇಕಿತ್ತು."

ಇದೆ, ಬಂದು ತಗೊಂಡು ಹೋಗಿ ಅಂದೆ. ಫ್ರೆಂಡ್ ಬರಲಿಲ್ಲ, ಅವರೇ ಬಂದ್ರು.